ಮೊದಲು ಕಾವು, ಆಮೇಲೆ ಕಾಳು

ಮೊಟ್ಟೆಯೊಡೆದು ಹೊರಬಂದ ಕೋಳಿಮರಿ ಮೊದಲ ಎರಡು ದಿನ ಏನನ್ನೂ ತಿನ್ನದೆ ಬದುಕಬಲ್ಲದು, ಆದರೆ ತಣ್ಣನೆಯ ಒಂದು ರಾತ್ರಿಯನ್ನು ಕಾವಿಲ್ಲದೆ ಕಳೆಯಲಾರದು. ಈ ಸಂಗತಿ ತಿಳಿದಿರುವ ಮನೆಯಲ್ಲಿ ಸೊರಗಿದ ಮರಿಗಳಲ್ಲಿಯೂ ಕೆಲವು ಚೇತರಿಸಿಕೊಳ್ಳುತ್ತವೆ. ತಿಳಿಯದ ಮನೆಯಲ್ಲಿ ತಲೆ ಜೋಲಿಸಿ ನಿಂತ ಮರಿಯ ಕೊಕ್ಕನ್ನು ಬಲವಂತವಾಗಿ ಬಿಡಿಸಿ ಹಾಲು, ಗಂಜಿ, ಅನ್ನದ ಅಗುಳನ್ನು ತುರುಕಿ, ಉಳಿಯಬಹುದಾಗಿದ್ದ ಜೀವವನ್ನು ಕರುಣೆಯಿಂದಲೇ ಕೊಲ್ಲುವುದುಂಟು. ಗುಬ್ಬಿ, ಪಾರಿವಾಳಗಳ ಮರಿಗಳು ಕಣ್ಣು ಬಿಡದೆ, ಪುಕ್ಕವಿಲ್ಲದೆ ಹುಟ್ಟಿ ತಾಯಿಯ ಬಾಯಿಂದ ತುತ್ತು ಪಡೆದು ಬೆಳೆಯುತ್ತವೆ; ಕೋಳಿಮರಿಯಾದರೋ ಹುಟ್ಟಿದ ದಿನವೇ ಕಣ್ಣು ತೆರೆದು, ಕಾಲೂರಿ ಓಡಿ, ತಾನೇ ಕೊಕ್ಕಿನಿಂದ ಹೆಕ್ಕಿ ತಿನ್ನುವ ಜಾತಿಯದು. ಆದ್ದರಿಂದ ತಾಯಿಕೋಳಿ ತನ್ನ ಮರಿಗೆ ತುತ್ತು ಕೊಡುವುದಿಲ್ಲ, ರೆಕ್ಕೆಯಡಿಯ ಬಿಸುಪು ಕೊಡುತ್ತದೆ ಮತ್ತು ಕಾಳಿರುವ ಜಾಗವನ್ನು ಕೆದಕಿ ತೋರಿಸುತ್ತದೆ. ತಾಯಿಯಿಲ್ಲದ ಅಥವಾ ಗುಂಪಿನಿಂದ ಹಿಂದೆ ಬಿದ್ದ ಮರಿಯನ್ನು ಸಾಕುವ ಮನುಷ್ಯನೂ ಈ ಎರಡು ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಬೇಕಾಗುತ್ತದೆ.

ಇಪ್ಪತ್ತೊಂದು ದಿನಗಳ ಕಾವು ಮುಗಿಯುವ ಹೊತ್ತಿಗೆ ಮೊಟ್ಟೆಯ ಹಳದಿ ಭಾಗದಲ್ಲಿ ಉಳಿದದ್ದು ಹೊಕ್ಕುಳಿನ ಮೂಲಕ ಮರಿಯ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಮುಂದಿನ 48ರಿಂದ 72 ಗಂಟೆಗಳವರೆಗೆ ಮರಿಗೆ ಅದೇ ಬುತ್ತಿ. ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ ನೂರಾರು ಕಿಲೋಮೀಟರ್ ದೂರಕ್ಕೆ ಬಸ್ಸಿನಲ್ಲೋ ರೈಲಿನಲ್ಲೋ ಸಾಗಿಸುವುದು ಸಾಧ್ಯವಾಗಿರುವುದು ಈ ಬುತ್ತಿಯಿಂದಲೇ. ಆದರೆ ಬುತ್ತಿ ಕರಗಿ ರಕ್ತಕ್ಕೆ ಸೇರುವುದಕ್ಕೂ ಮೈ ಬೆಚ್ಚಗಿರಬೇಕು. ಮರಿಯ ಮೈಮೇಲಿನ ಮೃದುವಾದ ತುಪ್ಪಳವು ನೋಡುವುದಕ್ಕೆ ದಟ್ಟವಾಗಿ ಕಂಡರೂ ಬಲಿತ ಕೋಳಿಯ ಪುಕ್ಕದಂತೆ ಶಾಖವನ್ನು ಹಿಡಿದಿಡಲಾರದು. ತನ್ನ ಮೈಯ ಉಷ್ಣತೆಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಮರಿಗೆ ಪೂರ್ತಿಯಾಗಿ ಬರುವುದಕ್ಕೆ ಎರಡರಿಂದ ಮೂರು ವಾರ ಹಿಡಿಯುತ್ತದೆ. ಮೈ ತಣ್ಣಗಾದ ಮರಿಯ ಕರುಳು ಕೆಲಸ ಮಾಡದೆ ಹೋಗುವುದರಿಂದ, ಆ ಸ್ಥಿತಿಯಲ್ಲಿ ಹೊಟ್ಟೆಗೆ ಹಾಕಿದ ಆಹಾರ ಅಲ್ಲಿಯೇ ನಿಂತು ಹುಳಿಯುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಜನರಿಗೆ ಈ ವಿಚಾರವನ್ನು ವಿವರಿಸುವುದು ಅಷ್ಟು ಕಷ್ಟವಲ್ಲ, ಏಕೆಂದರೆ ಚಿನ್ನ, ಹಾಲು, ರೇಷ್ಮೆಗಳ ನಾಡೆಂದು ಹೆಸರಾದ ಈ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಮೇಯಿಸಿದ ಮನೆಗಳು ಬಹಳ. ಎರಡನೆಯ ಜ್ವರ (ಪೊರೆ ಕಳಚುವ ಹಂತ) ಕಳೆಯುವವರೆಗಿನ ಎಳೆಯ ಹುಳುವನ್ನು, ಅಂದರೆ ಚಾಕಿ ಹುಳುವನ್ನು, 27-28 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಕಾಪಾಡದಿದ್ದರೆ ಮುಂದಿನ ಗೂಡು ಕೈಸೇರದೆಂಬುದು ಅಂಥ ಮನೆಯ ಮಕ್ಕಳಿಗೂ ಗೊತ್ತು. ಕೋಳಿಮರಿಯ ಮೊದಲ ಎರಡು ವಾರಗಳೂ ಒಂದು ಬಗೆಯ ಚಾಕಿಯೇ. ಬೇಕಾದ ಉಷ್ಣತೆ ಮಾತ್ರ ಇನ್ನೂ ಹೆಚ್ಚಿನದು. ಹುಳು ಮನೆಯ ಗೋಡೆಯಲ್ಲಿ ತೂಗುವ ಉಷ್ಣಮಾಪಕವನ್ನೇ ಎರವಲು ತಂದು ಮರಿಗಳ ಪೆಟ್ಟಿಗೆಯಲ್ಲಿಡಬಹುದು. (ಮರಿಗಳನ್ನೇ ಹುಳು ಮನೆಗೆ ಸಾಗಿಸಬಾರದೆಂಬುದಕ್ಕೆ ಕಾರಣ ಹೇಳಬೇಕಾಗಿಲ್ಲ.)

ನಾಟಿ ಕೋಳಿಯಷ್ಟೇ ಇದ್ದ ಕಾಲದಲ್ಲಿ ಈ ಜವಾಬ್ದಾರಿ ಮನುಷ್ಯನ ಮೇಲೆ ಬೀಳುತ್ತಿದ್ದದ್ದು ಅಪರೂಪ. ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ ಕಾವಿಗೆ ಕೂತ ಹೇಟೆಯೇ ಮರಿಗಳನ್ನು ಎಬ್ಬಿಸಿ, ಹದ್ದು ಕಾಗೆಗಳಿಂದ ಕಾದು, ರಾತ್ರಿ ಮಂಕರಿಯಡಿಯಲ್ಲಿ ರೆಕ್ಕೆ ಹರಡಿ ಕೂರುತ್ತಿತ್ತು. ಮನೆಯಾಕೆಯ ಪಾಲಿಗೆ ಉಳಿದಿದ್ದದ್ದು ಮಂಕರಿ ಮುಚ್ಚುವುದು ಮತ್ತು ನುಚ್ಚು ಚೆಲ್ಲುವುದು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಕುಕ್ಕುಟ ವಿಜ್ಞಾನಿಗಳು ರೂಪಿಸಿದ ಗಿರಿರಾಜ, ಅನಂತರ ಪಶುವೈದ್ಯಕೀಯ ವಿಶ್ವವಿದ್ಯಾಲಯದಿಂದ ಬಂದ ಸ್ವರ್ಣಧಾರ ಮೊದಲಾದ ಹಿತ್ತಲ ತಳಿಗಳು ಹೆಚ್ಚು ಮೊಟ್ಟೆಯಿಟ್ಟು ಬೇಗ ಬೆಳೆಯುತ್ತವೆ ನಿಜ, ಆದರೆ ಕಾವಿಗೆ ಕೂರುವ ಗುಣ ಅವುಗಳಲ್ಲಿ ತೀರ ಕಡಿಮೆ. ಕಾವಿಗೆ ಕೂತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುವುದರಿಂದ, ಮೊಟ್ಟೆ ಹೆಚ್ಚಬೇಕೆಂದು ತಳಿ ಆರಿಸುವವರು ತಾಯ್ತನವನ್ನೂ ಅರಿತೋ ಅರಿಯದೆಯೋ ಕಳೆಯುತ್ತಾ ಬಂದಂತಾಯಿತು. ಹೀಗಾಗಿ ಯಂತ್ರದ ಕಾವಿನಲ್ಲಿ ಒಡೆದ ಮರಿಗಳು ತಾಯಿಯ ಮುಖವನ್ನೇ ಕಾಣದೆ ಹಳ್ಳಿಗೆ ಬರುತ್ತವೆ, ತಾಯಿಯ ಕೆಲಸವೆಲ್ಲ ಸಾಕುವವರ ಮೇಲೆ ಬೀಳುತ್ತದೆ. ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಕ್ಕಳಿಗೆ ಮಾರುವ ಮರಿಗಳ ಪಾಡು ಇದಕ್ಕಿಂತ ಕನಿಷ್ಠ: ನೀರುಬಣ್ಣದಲ್ಲಿ ತೊಯ್ದು, ಬಿಸಿಲಿನಲ್ಲಿ ಬಾಯಾರಿ, ಸಂಜೆಯ ಗಾಳಿಗೆ ನಡುಗುತ್ತಾ ಮನೆ ಸೇರುವ ಅವುಗಳಲ್ಲಿ ವಾರ ಕಳೆಯುವಷ್ಟು ತ್ರಾಣವಿರುವುದು ಕೆಲವಕ್ಕೆ ಮಾತ್ರ.

ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿರಬೇಕು. ಅಲ್ಲಿಂದ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬಂದರೆ ನಾಲ್ಕೈದು ವಾರಗಳಲ್ಲಿ ಹೊರಗಿನ ಹವೆಗೆ ಮರಿ ಒಗ್ಗಿಕೊಳ್ಳುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರದ ಬಯಲಿನಲ್ಲಿ ಮಾವು ಹೂಬಿಡುವ ಪುಷ್ಯ, ಮಾಘ ಮಾಸಗಳ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ, ಹೊರಗಿನ ಚಳಿಗೂ ಮರಿಯ ಅಗತ್ಯಕ್ಕೂ ನಡುವೆ 20 ಡಿಗ್ರಿಗಳ ಅಂತರ ಬೀಳುತ್ತದೆ. ಆವಣಿಯ ದನಗಳ ಜಾತ್ರೆ ಸೇರುವ ಶಿವರಾತ್ರಿಯ ದಿನಗಳಲ್ಲಿ ಹಗಲು ಸುಡುತ್ತದೆ, ಬೆಳಗಿನ ಜಾವ ಕೊರೆಯುತ್ತದೆ. ಈ ಏರಿಳಿತ ಏಕರೂಪದ ಚಳಿಗಿಂತಲೂ ಅಪಾಯಕಾರಿ, ಏಕೆಂದರೆ ಮಧ್ಯಾಹ್ನ ಆರಿಸಿದ ದೀಪವನ್ನು ರಾತ್ರಿ ಮತ್ತೆ ಹಚ್ಚುವುದು ಮರೆತುಹೋಗುತ್ತದೆ.

ಕಾವಿನ ಗೂಡಿಗೆ ದುಬಾರಿ ಸಾಮಾನು ಬೇಕಿಲ್ಲ. ಶ್ರೀನಿವಾಸಪುರದ ಮಾವಿನ ಹಣ್ಣಿನ ರಟ್ಟಿನ ಪೆಟ್ಟಿಗೆ ಇದಕ್ಕೆ ಸೊಗಸಾಗಿ ಒದಗುತ್ತದೆ, ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಟೊಮೆಟೊ ಹೊರುವ ಪ್ಲಾಸ್ಟಿಕ್ ಕ್ರೇಟನ್ನು ಬಳಸುವುದಾದರೆ ಅದರ ತೂತುಗಳಿಂದ ಗಾಳಿ ನುಗ್ಗುವ ಕಾರಣ ಮೂರು ಬದಿಗೆ ಗೋಣಿಚೀಲ ಸುತ್ತಬೇಕು. ಕೆಳಗೆ ಎರಡು ಮೂರು ಅಂಗುಲ ಒಣಗಿದ ಭತ್ತದ ಹೊಟ್ಟನ್ನೋ ಕಡಲೆಕಾಯಿ ಸಿಪ್ಪೆಯನ್ನೋ ಹಾಸಿ, ಪೆಟ್ಟಿಗೆಯ ನಡುವೆಯಲ್ಲ, ಒಂದು ತುದಿಗೆ 60 ವಾಟಿನ ಬಲ್ಬನ್ನು ಇಳಿಬಿಟ್ಟರೆ ಇನ್ನೊಂದು ತುದಿ ತಂಪಾಗಿ ಉಳಿದು, ಬೇಕಾದ ಹದವನ್ನು ಆರಿಸಿಕೊಳ್ಳುವ ಅವಕಾಶ ಮರಿಗೇ ಸಿಗುತ್ತದೆ. ಬಲ್ಬು ಒಳಗೆ ತಂತಿ ಕಾದು ಉರಿಯುವ ಹಳೆಯ ಕಾಲದ್ದೇ ಆಗಬೇಕು. ಈಗ ಎಲ್ಲ ಮನೆಗಳಲ್ಲಿರುವ ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆಯೇ ಹೊರತು ಮರಿಗೆ ಸಾಲುವ ಶಾಖ ಬರುವುದಿಲ್ಲ, ಆ ಬೆಳಕಿನ ಕೆಳಗೇ ಮರಿಗಳು ಚಳಿಯಿಂದ ಸಾಯುತ್ತವೆ. ಕರೆಂಟು ಹೋದ ರಾತ್ರಿ ಕೆಂಡದ ಮಡಕೆಯನ್ನು ಮುಚ್ಚಿದ ಕೋಣೆಯಲ್ಲಿಡುವ ರೂಢಿಯುಂಟಾದರೂ, ಕೆಂಡದಿಂದೇಳುವ ವಾಸನೆಯಿಲ್ಲದ ವಿಷಗಾಳಿ ಮರಿಗೂ ಅದೇ ಕೋಣೆಯಲ್ಲಿ ಮಲಗಿದವರಿಗೂ ಮಾರಕವಾದೀತು; ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಬಾಟಲಿಯೇ ಲೇಸು.

ಕಾವು ಹದವಾಗಿದೆಯೇ ಎಂಬುದಕ್ಕೆ ಉಷ್ಣಮಾಪಕಕ್ಕಿಂತ ಮರಿಗಳೇ ನಂಬಬಹುದಾದ ಸಾಕ್ಷಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಗುಂಪುಗೂಡಿದರೆ ಚಳಿಯೆಂದು, ದೂರದ ಗೋಡೆಗೆ ಒತ್ತಿಕೊಂಡು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆಯೆಂದು, ಎಲ್ಲವೂ ಒಂದೇ ಮೂಲೆಗೆ ಸೇರಿದರೆ ಎದುರು ಬದಿಯಿಂದ ಗಾಳಿ ಹೊಡೆಯುತ್ತಿದೆಯೆಂದು ತಿಳಿಯಬೇಕು. ಪೆಟ್ಟಿಗೆಯ ತುಂಬ ಚೆದುರಿ, ಕೆಲವು ತಿನ್ನುತ್ತಾ ಕೆಲವು ಕಾಲು ಚಾಚಿ ನಿದ್ರಿಸುತ್ತಿದ್ದರೆ ಏನನ್ನೂ ಬದಲಿಸಬೇಕಾಗಿಲ್ಲ. ದನಿಯನ್ನು ಕೇಳಿಯೂ ಹೇಳಬಹುದು: ನೆಮ್ಮದಿಯ ಮರಿಯ ಚಿಲಿಪಿಲಿ ತಗ್ಗಿದ ಸ್ವರದಲ್ಲಿ ಬಿಟ್ಟುಬಿಟ್ಟು ಬರುತ್ತದೆ, ಚಳಿಯಾದ ಅಥವಾ ಒಂಟಿಯಾದ ಮರಿಯ ಕೂಗು ಬಿಡುವಿಲ್ಲದೆ ಕಿವಿ ಚುಚ್ಚುವಂತಿರುತ್ತದೆ. ತೀರ ಸೊರಗಿದ ಮರಿಯಾದರೋ ಕೂಗುವುದನ್ನೇ ನಿಲ್ಲಿಸುತ್ತದೆ. ಗಲಾಟೆ ನಿಂತಿತೆಂದು ಸಮಾಧಾನಪಟ್ಟು ಮಲಗುವವರು ಬೆಳಿಗ್ಗೆ ನೋಡುವುದು ಸತ್ತ ಮರಿಯನ್ನು.

ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ತುಪ್ಪಳ ಉಬ್ಬಿಸಿಕೊಂಡು ನಿಂತ ಮರಿಯನ್ನು ಕೂಡಲೇ ಉಳಿದವುಗಳಿಂದ ಬೇರ್ಪಡಿಸಬೇಕು, ಏಕೆಂದರೆ ಬಲವಾದ ಮರಿಗಳು ಅದನ್ನು ತುಳಿಯುತ್ತವೆ, ಕುಕ್ಕುತ್ತವೆ, ಮತ್ತು ರೋಗವಿದ್ದರೆ ಅವಕ್ಕೂ ಅಂಟುತ್ತದೆ. ಆದರೆ ಬೇರ್ಪಡಿಸುವುದೆಂದರೆ ಏಕಾಂತವಾಸಕ್ಕೆ ಕಳುಹಿಸುವುದಲ್ಲ. ಅಂಟುರೋಗದ ಲಕ್ಷಣವಿಲ್ಲದಿದ್ದಲ್ಲಿ ಒಂದು ಜಾಲರಿಯ ಆಚೆ, ಉಳಿದವುಗಳ ದನಿ ಕೇಳುವಲ್ಲಿಯೇ ಇಟ್ಟರೆ ಮರಿ ಕೂಗಿ ಕೂಗಿ ಶಕ್ತಿ ಕಳೆದುಕೊಳ್ಳುವುದಿಲ್ಲ, ಬೇರೆಯವು ಹೆಕ್ಕುವ ಸದ್ದು ಕೇಳಿ ತಾನೂ ಹೆಕ್ಕಲು ತೊಡಗುತ್ತದೆ. ಅಂಗೈಯಲ್ಲಿ ಹಿಡಿದಾಗ ಕಾಲು ತಣ್ಣಗಿದ್ದರೆ ಮೊದಲ ಅರ್ಧ ಗಂಟೆ ಬೆಚ್ಚಗೆ ಮಾಡುವುದರ ಹೊರತು ಬೇರೇನನ್ನೂ ಮಾಡಬಾರದು. ನೀರಿನಲ್ಲಿ ಬಿದ್ದು ತೊಯ್ದ ಮರಿಯಾಗಿದ್ದರೆ ಹತ್ತಿಯ ಬಟ್ಟೆಯಿಂದ ಒತ್ತಿ ನೀರು ಹೀರಿ, ಬಿಸಿ ಗಾಳಿಯನ್ನು ಕೈಗೆ ಹಿತವೆನಿಸುವಷ್ಟು ದೂರದಿಂದ ತಾಗಿಸಿ ಒಣಗಿಸಬೇಕು.

ಕಾಲು ಬೆಚ್ಚಗಾಗಿ ಕಣ್ಣು ತೆರೆದ ಮೇಲೆ ನೀರಿನ ಸರದಿ. ಲೀಟರಿಗೆ ಸುಮಾರು 80 ಗ್ರಾಂ ಸಕ್ಕರೆಯನ್ನೋ ಬೆಲ್ಲವನ್ನೋ ಕರಗಿಸಿದ ಉಗುರುಬೆಚ್ಚನೆಯ ನೀರು ದೂರದಿಂದ ಬಂದ, ದಣಿದ ಮರಿಗೆ ಮೊದಲ ಅರ್ಧ ದಿನ ಹಿತಕಾರಿ. ಅದಕ್ಕೂ ಹೆಚ್ಚು ಹೊತ್ತು ಕೊಟ್ಟರೆ ಹಿಕ್ಕೆ ನೀರಾಗಿ ಅಂಟಂಟಾಗುತ್ತದೆ, ಅನಂತರ ಬರಿಯ ಶುದ್ಧ ನೀರೇ ಸಾಕು. ಕೊಕ್ಕಿನ ತುದಿಯನ್ನಷ್ಟೇ ನೀರಿಗೆ ತಾಗಿಸಿದರೆ ಮರಿ ತಲೆಯೆತ್ತಿ ನುಂಗುವುದನ್ನು ಕಲಿಯುತ್ತದೆ. ಅಷ್ಟೂ ತ್ರಾಣವಿಲ್ಲದಿದ್ದರೆ ಕೊಕ್ಕಿನ ಪಕ್ಕದ ಅಂಚಿಗೆ ಒಂದು ಹನಿ ಸವರಿ, ಅದನ್ನು ನುಂಗಿದ ಮೇಲೆ ಇನ್ನೊಂದನ್ನು ಸವರಬೇಕು. ಕೋಳಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ತೆರೆದಿರುವುದರಿಂದ, ಸಿರಿಂಜಿನಲ್ಲೋ ಚಮಚದಲ್ಲೋ ಬಾಯೊಳಗೆ ಸುರಿದ ನೀರು ಶ್ವಾಸಕೋಶಕ್ಕೆ ಇಳಿದು ಮರಿ ಉಸಿರುಕಟ್ಟಿ ಸಾಯುತ್ತದೆ. ನೀರಿನ ತಟ್ಟೆ ಆಳವಿಲ್ಲದ್ದಾಗಿದ್ದು ಅದರೊಳಗೆ ತೊಳೆದ ಬೆಣಚುಕಲ್ಲುಗಳನ್ನು ತುಂಬಿದ್ದರೆ ಮರಿ ಮುಳುಗುವ, ತೊಯ್ಯುವ ಭಯವಿಲ್ಲ.

ಇನ್ನು ಮೈಯನ್ನು ತಿರುಗಿಸಿ ನೋಡಬೇಕು. ಪ್ರಯಾಣದಲ್ಲಿ ಬಳಲಿದ ಮರಿಗಳಲ್ಲಿ ಹಿಕ್ಕೆ ಗುದದ್ವಾರದ ತುಪ್ಪಳಕ್ಕೆ ಅಂಟಿ, ಒಣಗಿ, ಬಿರಡೆಯಂತೆ ಮುಚ್ಚಿಕೊಳ್ಳುವುದು ಬಹಳ ಸಾಮಾನ್ಯ, ಹಾಗೆಯೇ ಬಿಟ್ಟರೆ ಮರಿ ಮಲ ವಿಸರ್ಜಿಸಲಾಗದೆ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಅದನ್ನು ಕಿತ್ತರೆ ಚರ್ಮವೇ ಹರಿದು ಬರುತ್ತದೆ. ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಒತ್ತಿ ಹಿಡಿದು ಮೆತ್ತಗಾದ ಮೇಲೆ ಒರೆಸಿ, ಚೆನ್ನಾಗಿ ಒಣಗಿಸಿ, ತೆಂಗಿನೆಣ್ಣೆಯ ಒಂದು ಹನಿ ಸವರಿದರೆ ಮತ್ತೆ ಅಂಟುವುದು ಕಡಿಮೆ. ಹೊಟ್ಟೆಯ ಕೆಳಗೆ, ಗುದದ್ವಾರಕ್ಕಿಂತ ಮುಂದೆ ಇರುವ ಹೊಕ್ಕುಳಿನ ಒಣಗಿದ ಚುಕ್ಕೆಯನ್ನು ಕೊಳೆಯೆಂದು ಭ್ರಮಿಸಿ ಕೀಳುವವರಿದ್ದಾರೆ, ಅದು ಮರಿಯ ಕರುಳನ್ನೇ ಹೊರಗೆಳೆದಂತೆ. ಹೊಕ್ಕುಳು ಕೆಂಪಗೆ ಒದ್ದೆಯಾಗಿದ್ದು, ಹೊಟ್ಟೆ ಊದಿಕೊಂಡು, ಮೆತ್ತಗೆ, ದುರ್ವಾಸನೆಯಿಂದ ಕೂಡಿದ್ದರೆ ಒಳಗಿನ ಹಳದಿ ಭಾಗಕ್ಕೆ ರೋಗಾಣು ತಗುಲಿದೆಯೆಂದು ಅರ್ಥ. ಟಿಂಕ್ಚರ್ ಅಯೋಡಿನ್ ಸವರಿ ಬೆಚ್ಚಗಿಡಬಹುದಾದರೂ ಇಂಥ ಮರಿಗಳಲ್ಲಿ ಉಳಿಯುವುದು ವಿರಳ.

ಹಾಳೆಯ ಮೇಲೆ, ಅದರಲ್ಲೂ ನುಣುಪಾದ ವೃತ್ತಪತ್ರಿಕೆಯ ಮೇಲೆ, ಬೆಳೆದ ಮರಿಯ ಕಾಲುಗಳು ಜಾರಿ ಎರಡು ಬದಿಗೆ ಹರಡಿಕೊಳ್ಳುವುದುಂಟು. ಮೊದಲ ಮೂರು ನಾಲ್ಕು ದಿನಗಳಲ್ಲಿ ಇದನ್ನು ಗಮನಿಸಿ, ಗಾಯಕ್ಕೆ ಹಚ್ಚುವ ಅಂಟುಪಟ್ಟಿಯನ್ನು ಸೀಳಿ ಎರಡು ಕಾಲುಗಳನ್ನು ಸಹಜ ಅಂತರದಲ್ಲಿ ಸಡಿಲವಾಗಿ ಜೋಡಿಸಿ, ಗೋಣಿತಾಟಿನಂಥ ಒರಟು ಹಾಸಿನ ಮೇಲೆ ಬಿಟ್ಟರೆ ಮೂಳೆ ಇನ್ನೂ ಎಳೆಯದಾಗಿರುವುದರಿಂದ ಕೆಲವೇ ದಿನಗಳಲ್ಲಿ ನೆಟ್ಟಗಾಗುತ್ತದೆ. ಬೆರಳುಗಳು ಒಳಕ್ಕೆ ಮಡಿಚಿ ಮರಿ ಹಿಮ್ಮಡಿಯ ಮೇಲೆ ಕೂರುವಂತಾದರೆ ಅದು ಬಿ2 ಜೀವಸತ್ವದ, ಅಂದರೆ ರೈಬೋಫ್ಲೇವಿನ್ನಿನ ಕೊರತೆ. ತಲೆ ಬೆನ್ನ ಮೇಲಕ್ಕೆ ತಿರುಚಿ ಆಕಾಶ ನೋಡುವಂತಾದರೆ ಬಿ1ರ ಕೊರತೆಯಿರಬಹುದು. ಎರಡಕ್ಕೂ ಪಶು ಔಷಧದ ಅಂಗಡಿಯಲ್ಲಿ ಸಿಗುವ ಬಿ ಜೀವಸತ್ವದ ದ್ರಾವಣ ಬೇಗ ಕೊಟ್ಟಷ್ಟೂ ಗುಣ ಹೆಚ್ಚು.

ಆಹಾರದ ವಿಷಯದಲ್ಲಿ ರಾಗಿಯ ಮೇಲಿನ ಅಭಿಮಾನವನ್ನು ಸ್ವಲ್ಪ ಬದಿಗಿಡಬೇಕಾಗುತ್ತದೆ. ಬೆಳೆಯುವ ಮರಿಗೆ ಶೇಕಡ 20ರಷ್ಟು ಸಸಾರಜನಕ ಬೇಕು, ರಾಗಿಯಲ್ಲಿರುವುದು ಶೇಕಡ 7ರಷ್ಟು; ಆದುದರಿಂದ ರಾಗಿ, ಅಕ್ಕಿ ನುಚ್ಚುಗಳನ್ನಷ್ಟೇ ತಿಂದ ಮರಿ ಹೊಟ್ಟೆ ತುಂಬಿಯೂ ಸೊರಗುತ್ತದೆ. ಅಂಗಡಿಯ ಮರಿ ಆಹಾರ, ಅಂದರೆ ಸ್ಟಾರ್ಟರ್, ಸಿಗದಿದ್ದಲ್ಲಿ ಬೇಯಿಸಿದ ಮೊಟ್ಟೆಯನ್ನು ಪುಡಿಗಟ್ಟಿ ನುಚ್ಚಿನೊಂದಿಗೆ ಕೊಡಬಹುದು. ಹಿಂದಿನವರು ಮರಿಗಳ ಮುಂದೆ ಗೆದ್ದಲನ್ನು ಕೊಡವುತ್ತಿದ್ದದ್ದರಲ್ಲಿ ಒಳ್ಳೆಯ ಬುದ್ಧಿಯಿತ್ತು. ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ ಒಣಗಿದಾಗ ಅರ್ಧಕ್ಕರ್ಧ ಸಸಾರಜನಕವೇ ಆಗಿದ್ದರೂ, ಅದರ ಎಣ್ಣೆಯಂಶ ಬೇಗ ಕಮಟುವುದರಿಂದ ಎಳೆಯ, ರೋಗಿ ಮರಿಗೆ ಅದು ಬೇಡ. ಕಡಲೆಕಾಯಿ ಹಿಂಡಿಯ ವಿಚಾರದಲ್ಲಂತೂ ಎಚ್ಚರ ಅಗತ್ಯ: ತೇವದಲ್ಲಿಟ್ಟ ಹಿಂಡಿಗೆ ಬರುವ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಿ ಮರಿಯ ಯಕೃತ್ತನ್ನು ಕೆಡಿಸುತ್ತದೆ. ಮೊಟ್ಟೆಯಿಡುವ ಕೋಳಿಗಳ ಆಹಾರವನ್ನು ಮರಿಗೆ ಹಾಕುವುದೂ ಸಲ್ಲ, ಅದರಲ್ಲಿರುವ ಹೆಚ್ಚಿನ ಸುಣ್ಣದಂಶ ಎಳೆಯ ಮೂತ್ರಪಿಂಡಕ್ಕೆ ಭಾರ. ಮರಿ ತಿಂದಿದೆಯೇ ಎಂದು ತಿಳಿಯಲು ಕತ್ತಿನ ಬುಡದಲ್ಲಿರುವ ಕಾಳಿನ ಚೀಲವನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಸಂಜೆಯ ಹೊತ್ತಿಗೆ ಅದು ಮೆತ್ತಗೆ ತುಂಬಿರಬೇಕು.

ಇಷ್ಟೆಲ್ಲ ಆದ ಮೇಲೂ ಮರಿಗಳು ಒಂದರ ಹಿಂದೊಂದು ಕುಸಿದರೆ ಅದು ಕಾವಿನ, ಕಾಳಿನ ಪ್ರಶ್ನೆಯಲ್ಲ, ರೋಗದ್ದು. ಮೂರರಿಂದ ಆರು ವಾರದೊಳಗೆ, ಹಾಸು ಒದ್ದೆಯಾಗಿರುವ ಮಳೆಗಾಲದಲ್ಲಿ, ಹಿಕ್ಕೆಯಲ್ಲಿ ರಕ್ತ ಕಂಡರೆ ಕರುಳಿನ ಗೋಡೆಯನ್ನು ಕೊರೆಯುವ ಐಮೀರಿಯ ಎಂಬ ಏಕಕೋಶ ಜೀವಿಯ ರಕ್ತಭೇದಿಯೆಂದು ಶಂಕಿಸಬೇಕು. ನೀರಿನಲ್ಲಿ ಬೆರೆಸುವ ಆ್ಯಂಪ್ರೋಲಿಯಂ ಔಷಧವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟು, ಹಾಸನ್ನು ಪೂರ್ತಿ ಬದಲಿಸಿದರೆ ಬಹಳಷ್ಟು ಮರಿಗಳು ಉಳಿಯುತ್ತವೆ. ಕೊಕ್ಕರೆ ರೋಗದಲ್ಲಿ ಆ ಆಸೆಯಿಲ್ಲ. ಆಂಧ್ರದ ಗಡಿಗೆ ತಾಗಿದ, ಮನೆಮಾತು ತೆಲುಗಾಗಿರುವ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಕೋಳಿಪಿಳ್ಳೆ ಕೋಡಿಪಿಲ್ಲ ಆಗುತ್ತದೆ, ಆದರೆ ಈ ರೋಗದ ಹೆಸರಿನಲ್ಲಿ ಎರಡು ಭಾಷೆಗಳಿಗೂ ಕೊಕ್ಕರೆಯೇ. ಕುಮಾವೂನ್ ಬೆಟ್ಟಗಳ ರಾಣಿಖೇತ್ ಪಟ್ಟಣದಲ್ಲಿ 1927ರ ಸುಮಾರಿಗೆ ಗುರುತಿಸಲ್ಪಟ್ಟಿದ್ದರಿಂದ ಭಾರತದಲ್ಲಿ ಆ ಊರಿನ ಹೆಸರನ್ನೂ, ಹೊರದೇಶಗಳಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಹೆಸರನ್ನೂ ಹೊತ್ತಿರುವ ಈ ವೈರಾಣು ಹಸಿರು ಭೇದಿ, ಗೊರಗೊರ ಉಸಿರು, ತಿರುಚಿದ ಕತ್ತು, ಬಿದ್ದುಹೋದ ಕಾಲುಗಳೊಂದಿಗೆ ಕಾಣಿಸಿಕೊಂಡು ಊರಿನ ಕೋಳಿಗಳನ್ನೆಲ್ಲ ಗುಡಿಸಿ ಹಾಕಬಲ್ಲದು. ಇದಕ್ಕೆ ಮದ್ದಿಲ್ಲ, ಲಸಿಕೆಯುಂಟು: 5ರಿಂದ 7 ದಿನದ ಮರಿಯ ಕಣ್ಣಿಗೆ ಎಫ್1 ಅಥವಾ ಲಸೋಟ ಲಸಿಕೆಯ ಒಂದು ಹನಿ, ನಾಲ್ಕನೆಯ ವಾರದ ಹೊತ್ತಿಗೆ ಇನ್ನೊಮ್ಮೆ ಲಸೋಟ, 6ರಿಂದ 8 ವಾರಕ್ಕೆ ಆರ್2ಬಿ ಚುಚ್ಚುಮದ್ದು. ಲಸಿಕೆಯ ಸೀಸೆ ನೂರಾರು ಮರಿಗಳಿಗೆ ಸಾಲುವಷ್ಟು ದೊಡ್ಡದಿದ್ದು, ಕಲಸಿದ ಎರಡು ಗಂಟೆಯೊಳಗೆ ಮುಗಿಯಬೇಕಾದ್ದರಿಂದ, ಹತ್ತು ಮರಿಯ ಒಂದು ಮನೆಗಿಂತ ಇಡೀ ಕೇರಿ ಒಂದೇ ಬೆಳಿಗ್ಗೆ ಮರಿಗಳನ್ನು ಮಂಕರಿಯಲ್ಲಿ ತಂದು ಸೇರಿಸುವುದು ಜಾಣತನ. ಸೊರಗಿದ ಮರಿಗೆ ಮಾತ್ರ ಅಂದು ಲಸಿಕೆ ಹಾಕಬಾರದು. ಅದು ಚೇತರಿಸಿಕೊಂಡ ಮೇಲೆ ಹಾಕಬೇಕು.

ಮನೆಯಲ್ಲಿ ಉಳಿದ ಮನುಷ್ಯರ ಗುಳಿಗೆಯನ್ನು ಒಡೆದು ನೀರಿಗೆ ಬೆರೆಸುವ ರೂಢಿಯನ್ನು ಬೆಳ್ಳುಳ್ಳಿ ಜಜ್ಜಿ ಹಾಕುವ ಹಳೆಯ ರೂಢಿಯೊಂದಿಗೆ ಸಮವಾಗಿ ನೋಡಲಾಗದು. ಬೆಳ್ಳುಳ್ಳಿಯಿಂದ ಲಾಭ ಅಲ್ಪವಾದರೂ ಹಾನಿಯಿಲ್ಲ. ಅಳತೆಯಿಲ್ಲದ ಆ್ಯಂಟಿಬಯೋಟಿಕ್ ವೈರಾಣುವಿನ ಮೇಲೆ ಏನನ್ನೂ ಮಾಡದೆ, ಬ್ಯಾಕ್ಟೀರಿಯಾಗಳಿಗೆ ಔಷಧವನ್ನು ಗೆಲ್ಲುವ ಪಾಠ ಕಲಿಸುತ್ತದೆ. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧವನ್ನು ಕೋಳಿ ಮತ್ತಿತರ ಆಹಾರ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಕಾರಣಕ್ಕಾಗಿಯೇ. ತಾಲ್ಲೂಕು ಪಶು ಆಸ್ಪತ್ರೆಗೆ ಒಂದೆರಡು ಸತ್ತ ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯೊಂದಿಗೆ ಒಯ್ದು ತೋರಿಸುವುದು ಊಹೆಯ ಮೇಲೆ ಕೊಡುವ ಹತ್ತು ಔಷಧಗಳಿಗಿಂತ ಉಪಯುಕ್ತ; ಪಶುಪಾಲನಾ ಇಲಾಖೆಯ 1962 ಸಹಾಯವಾಣಿಯೂ ಇದೆ. ನೆರೆಯ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ 2025ರ ಆರಂಭದಲ್ಲಿ ಹಕ್ಕಿಜ್ವರ ಖಚಿತಪಟ್ಟದ್ದು ಹಿತ್ತಲ ಕೋಳಿಗಳು ಸಾಯತೊಡಗಿದ ಮೇಲೆ ಎಂಬುದನ್ನು ನೆನೆದರೆ, ಒಮ್ಮೆಗೇ ಹಲವು ಕೋಳಿಗಳು ಸತ್ತಾಗ ಬರಿಗೈಯಿಂದ ಎತ್ತಿ ತಿಪ್ಪೆಗೋ ಕೆರೆಗೋ ಎಸೆಯದೆ ಇಲಾಖೆಗೆ ತಿಳಿಸಬೇಕಾದ ಅಗತ್ಯ ಮನವರಿಕೆಯಾಗುತ್ತದೆ. ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲೂ ಮನುಷ್ಯರಿಗೆ ಭೇದಿ ತರುವ ಸಾಲ್ಮೊನೆಲ್ಲ ಇರಬಹುದಾದ್ದರಿಂದ ಮರಿಯನ್ನು ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯಬೇಕು, ಮುತ್ತಿಡುವುದನ್ನು ಬಿಡಬೇಕು.

ಬೆಚ್ಚಗಿದ್ದೂ, ನೀರು ಕುಡಿದೂ ಒಂದೆರಡು ದಿನಗಳಲ್ಲಿ ನಿಲ್ಲಲಾರದ ಮರಿಯನ್ನು ಉಳಿಸುವ ಹಟಕ್ಕಿಂತ ಅದನ್ನು ನೆಮ್ಮದಿಯಾಗಿ ಬಿಡುವುದು ಅಥವಾ ವೈದ್ಯರ ಕೈಗೊಪ್ಪಿಸುವುದು ಹೆಚ್ಚಿನ ದಯೆ. ಚೇತರಿಸಿಕೊಂಡ ಮರಿಯನ್ನು ಗುಂಪಿಗೆ ಮರಳಿಸುವಾಗಲೂ ಹಗಲಿನಲ್ಲಿ ನೇರವಾಗಿ ಬಿಟ್ಟರೆ ಉಳಿದವು ಹೊಸಬರೆಂದು ಕುಕ್ಕುತ್ತವೆ. ಜಾಲರಿಯನ್ನು ಎರಡು ದಿನ ನಡುವೆ ಇಟ್ಟು, ಮೂರನೆಯ ದಿನ ಮುಸ್ಸಂಜೆ ಎಲ್ಲವೂ ಬೆಚ್ಚನೆಯ ಮೂಲೆಗೆ ಸೇರಿ ಕಣ್ಣು ಮುಚ್ಚುವ ಹೊತ್ತಿಗೆ ನಡುವೆ ಇಳಿಸಿದರೆ, ಬೆಳಗಾಗುವಷ್ಟರಲ್ಲಿ ಒಂದೇ ಬಿಸುಪಿನಲ್ಲಿ ಅದು ಗುಂಪಿನದಾಗಿರುತ್ತದೆ.